ನುಡಿಯಲಾರದವನ ನೋವು



ಪಂಚಾಚಾರಗಳನ್ನು ಎಣಿಸುವಾಗ ಭೃತ್ಯಾಚಾರವನ್ನು ಕಡೆಯಲ್ಲಿ ಹೇಳುವುದು ವಾಡಿಕೆ. ಕಡೆಯಲ್ಲಿ ಹೇಳಿದ ಮಾತ್ರಕ್ಕೆ ಅದು ಕಡಿಮೆಯದೆಂದು ಭಾವಿಸಲಾಗದು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರಗಳು ಒಬ್ಬನಲ್ಲಿ ನೆಲೆಗೊಂಡಿವೆಯೋ ಇಲ್ಲವೋ ಎಂಬುದು ತಿಳಿಯುವುದು ಭೃತ್ಯಾಚಾರದಲ್ಲಿಯೇ. ತಾನು ಭೃತ್ಯನು, ತನ್ನ ಎದುರಿಗಿರುವವನು ಒಡೆಯನು ಎಂಬ ಭಾವವೇ ಅದರ ತಿರುಳು. ಒಡೆಯನು ವಿದ್ವಾಂಸನಾಗಿದ್ದರೆ, ನಾಲ್ಕು ಜನರು ಕೈಮುಗಿಯುವ ಪೀಠದಲ್ಲಿ ಕುಳಿತಿದ್ದರೆ, ಅವನಿಗೆ ಭೃತ್ಯನಾಗುವುದು ಕಷ್ಟವೇನೂ ಅಲ್ಲ. ಆ ಭೃತ್ಯತ್ವದಲ್ಲಿ ಒಂದಿಷ್ಟು ಮಾನವೂ ದೊರೆಯುತ್ತದೆ. ಆದರೆ ಒಡೆಯನು ತನಗೆ ಇಂಥದು ಬೇಕೆಂದು ಬಾಯಿಬಿಟ್ಟು ಹೇಳಲಾರದವನಾಗಿದ್ದರೆ ಏನು ಮಾಡತಕ್ಕದ್ದು? ನೋವು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾರದವನಾಗಿದ್ದರೆ? ಈ ಪ್ರಶ್ನೆಗೆ ಉತ್ತರವನ್ನು ನಾವು ಗ್ರಂಥಗಳಲ್ಲಿ ಹುಡುಕುವ ಮೊದಲು ಕರೂರಿನ ಒಂದು ಮನೆಯಲ್ಲಿ ಕಲಿಯಬೇಕಾಯಿತು. ಅದೂ ತಪ್ಪು ಮಾಡಿದ ಮೇಲೆ ಕಲಿತೆವು.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶವನ್ನು ಬಲ್ಲವರು ಅಲ್ಲಿ ಪಾಳಿ ಬಿಡುವ ಹೊತ್ತನ್ನೂ ಬಲ್ಲಿರಿ. ಹತ್ತಿಯ ಗಿರಣಿಗಳಿಂದ ಹೆಸರಾದ ಈ ನಗರದಲ್ಲಿ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದ ಬಳಿಕ ಸಣ್ಣ ಕಾರ್ಖಾನೆಗಳ ದುಡಿಮೆಯನ್ನೇ ನೆಚ್ಚಿದ ಸಂಸಾರಗಳು ಬಹಳ. ಅಂಥ ಒಂದು ಸಂಸಾರದ ತಂದೆತಾಯಿಗಳು ಕೆಲವು ವರ್ಷಗಳ ಹಿಂದೆ ಇಪ್ಪತ್ತಾರು ವಯಸ್ಸಿನ ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ದೇಹ ಬೆಳೆದಿದ್ದರೂ ಬುದ್ಧಿ ಮೂರು ನಾಲ್ಕು ವರ್ಷದ ಕೂಸಿನಂತೆ ಉಳಿದ ಮಗನು. ಅವ್ವ, ಅಪ್ಪ, ನೀರು ಎಂಬಂಥ ಕೆಲವೇ ಮಾತುಗಳು. ಮೂರು ತಿಂಗಳಿಂದ ಅವನು ಮುಷ್ಟಿಯಿಂದ ತನ್ನ ಎಡಗೆನ್ನೆಗೆ ಹೊಡೆದುಕೊಳ್ಳುತ್ತಿದ್ದನು. ರಾತ್ರಿ ನಿದ್ರೆಯಿಲ್ಲ. ರೊಟ್ಟಿಯನ್ನು ಕಂಡರೆ ದೂರ ತಳ್ಳುವನು. ತಡೆಯಹೋದ ತಾಯಿಯನ್ನು ಒಮ್ಮೆ ನೂಕಿ ಬೀಳಿಸಿದ್ದನು.

“ಬುದ್ಧೀ, ಇವನಿಗೆ ಹಟ ಹೆಚ್ಚಾಗೈತ್ರಿ. ಯಾರ ಕಣ್ಣು ಬಿತ್ತೋ ಗೊತ್ತಿಲ್ಲ” ಎಂದು ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡಳು.

ನಾವು ಏನು ಮಾಡಿದೆವು? ವಿಭೂತಿಯನ್ನು ಹಚ್ಚಿದೆವು. ತಾಳ್ಮೆಯಿಂದಿರುವಂತೆ ಹೇಳಿದೆವು. ಹಿಂದಿನದು ಸವೆಯುವವರೆಗೆ ಅನುಭವಿಸಬೇಕಲ್ಲವೆ ಎಂಬ ಮಾತೂ ನಮ್ಮ ಬಾಯಿಂದ ಬಂದಿತು. ಅವರು ನಮಸ್ಕರಿಸಿ ಹೋದರು. ಬಳಿಕ ಒಂದು ಆಸ್ಪತ್ರೆಗೂ ತೋರಿಸಿದರಂತೆ. ಅಲ್ಲಿಯ ವೈದ್ಯರು ಹುಡುಗನ ಮುಖವನ್ನೊಮ್ಮೆ ನೋಡಿ, ಇಂಥವರು ಹೀಗೆಯೇ ಇರುತ್ತಾರೆ ಎಂದು ನಿದ್ರೆ ಬರುವ ಮಾತ್ರೆಯನ್ನು ಬರೆದುಕೊಟ್ಟರು. ಹುಡುಗನು ಹಗಲೆಲ್ಲ ತೂಕಡಿಸತೊಡಗಿದನು. ಎಚ್ಚರವಾದಾಗ ಮತ್ತೆ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದನು.

ಮುಂದೆ ಅದೇ ಓಣಿಗೆ ಬಂದು ನೆಲೆಸಿದ ಒಬ್ಬ ಹೆಣ್ಣುಮಗಳು, ವಿಶೇಷ ಶಾಲೆಯೊಂದರಲ್ಲಿ ಪಾಠ ಹೇಳುವವಳು, ತಾಯಿಯನ್ನು ಒಂದೇ ಪ್ರಶ್ನೆ ಕೇಳಿದಳು: “ಅಕ್ಕಾ, ಇವನು ಮೊದಲು ರೊಟ್ಟಿ ತಿನ್ನುತ್ತಿದ್ದನೆ?” ತಿನ್ನುತ್ತಿದ್ದನು, ದಿನಕ್ಕೆ ನಾಲ್ಕು ತಿನ್ನುತ್ತಿದ್ದನು. ಹಾಗಾದರೆ ಬಿಟ್ಟದ್ದೇಕೆ? ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ತನ್ನ ಬಾಯನ್ನು ತಾನೇ ತೆರೆದು ತೋರಿಸಿ, ನಗಿಸಿ, ಅವನೂ ಬಾಯಿ ತೆರೆದಾಗ ಬ್ಯಾಟರಿಯ ಬೆಳಕನ್ನು ಬಿಟ್ಟು ನೋಡಿದಳು. ಎಡಗಡೆಯ ಎರಡು ದವಡೆಹಲ್ಲುಗಳು ಕೊಳೆತು ಬುಡದಲ್ಲಿ ಕೀವು ತುಂಬಿತ್ತು. ದಂತವೈದ್ಯರು ಅವನ್ನು ಕಿತ್ತರು. ಒಂದು ವಾರದೊಳಗೆ ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ಹುಡುಗನು ರೊಟ್ಟಿ ತಿಂದನು.

ಐದಾರು ತಿಂಗಳ ಕಾಲ ಆ ಮಗನು ತನ್ನ ಬಳಿಯಿದ್ದ ಒಂದೇ ಭಾಷೆಯಲ್ಲಿ, ಎಲ್ಲಿ ನೋವೋ ಅಲ್ಲಿಯೇ ಹೊಡೆದುಕೊಂಡು, ಹೇಳುತ್ತಲೇ ಇದ್ದನು. ತಂದೆತಾಯಿಗಳಿಗೆ ಅದು ಹಟವೆಂದು ತೋರಿತು, ವೈದ್ಯರಿಗೆ ಸ್ವಭಾವವೆಂದು ತೋರಿತು, ನಮಗೆ ಕರ್ಮವೆಂದು ತೋರಿತು. ಈ ಸೀಮೆಯ ಭಕ್ತರು ನಮ್ಮಂಥವರನ್ನು ‘ಬುದ್ಧಿ’ ಎಂದು ಸಂಬೋಧಿಸುತ್ತೀರಿ. ಆ ದಿನ ಆ ಕೋಣೆಯಲ್ಲಿದ್ದವರಲ್ಲಿ ಬುದ್ಧಿ ಯಾರಿಗೆ ಮಂದವಾಗಿತ್ತೆಂಬುದನ್ನು ನೀವೇ ವಿಚಾರಿಸಿರಿ.

ಕರ್ಮದ ಮಾತನ್ನು ಮೊದಲು ತೆಗೆದುಕೊಳ್ಳೋಣ. ಏಕೆಂದರೆ ಅದನ್ನು ಆಡಿದವರು ನಾವು. ವೀರಶೈವನಿಗೆ ಆ ಮಾತನ್ನಾಡುವ ಅಧಿಕಾರವೇ ಇಲ್ಲ. ದೀಕ್ಷೆಯಿಂದ ಪೂರ್ವಾಶ್ರಯವು ಕಳೆಯುತ್ತದೆಂದು ನಾವು ಒಪ್ಪಿದ್ದೇವೆ. ಕೊರಳಲ್ಲಿ ಲಿಂಗವಿರುವವನ ಹಿಂದಿನ ಲೆಕ್ಕವನ್ನು ಮತ್ತೆ ಬಿಚ್ಚಿ ಓದುವುದು ಆ ಲಿಂಗವನ್ನು ಕಟ್ಟಿದ ಗುರುವನ್ನೇ ಅಲ್ಲಗಳೆದಂತೆ. ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿರಿ. ನಮ್ಮ ಸಂಪ್ರದಾಯದಲ್ಲಿ ಗರ್ಭಕ್ಕೆ ಎಂಟನೆಯ ತಿಂಗಳಾದಾಗಲೇ ಲಿಂಗಸಂಸ್ಕಾರವನ್ನು ಮಾಡುವುದುಂಟು. ಹುಟ್ಟಿದ ಕೂಸಿಗೆ ಲಿಂಗವನ್ನು ಕಟ್ಟುವಾಗ ಅದು ಕಣ್ಣನ್ನು ಸಹ ಸರಿಯಾಗಿ ತೆರೆದಿರುವುದಿಲ್ಲ. ಈ ಮಗು ಮುಂದೆ ಮಗ್ಗಿ ಹೇಳುವುದೇ, ಅಂಗಡಿಯ ಲೆಕ್ಕ ನೋಡುವುದೇ ಎಂದು ಯಾವ ಗುರುವೂ ಆಗ ಕೇಳಿದ್ದಿಲ್ಲ. ಬುದ್ಧಿಯು ಬರುವ ಮೊದಲೇ ಲಿಂಗವು ಬಂದಿರುತ್ತದೆ. ಬುದ್ಧಿಯು ಬಾರದಿದ್ದರೆ ಲಿಂಗವು ಹೋಗುವುದೆ? ಆದಕಾರಣ ಬುದ್ಧಿಮಾಂದ್ಯವುಳ್ಳ ಮಗನೂ ಪೂರ್ಣನಾದ ಲಿಂಗಾಂಗಿಯೇ. ದೇಹವನ್ನು ದೇಗುಲವೆಂದು ಕಂಡ ಶರಣರ ಮಾತು ಅವನ ದೇಹಕ್ಕೂ ಸಲ್ಲುತ್ತದೆ. ಆ ದೇಗುಲದ ದವಡೆಯಲ್ಲಿ ಕೀವಾಗಿದ್ದರೆ ಅದನ್ನು ತೊಳೆಯುವುದು ನಮ್ಮ ಕೆಲಸ.

ಇಲ್ಲಿ ಕೆಲವರು ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯುವರು. ರಾಘವಾಂಕನು ಬರೆದ ಚಾರಿತ್ರದಲ್ಲಿ ಬಾಲಕನಾದ ಸಿದ್ಧರಾಮನು ಮಾತಿಲ್ಲದೆ ಮಂಕನಂತೆ ಇದ್ದುದನ್ನೂ, ಮನೆಯವರು ಅವನನ್ನು ದನಕಾಯಲು ಕಳುಹಿದುದನ್ನೂ ನೀವು ಕೇಳಿದ್ದೀರಿ. ಮುಂದೆ ಅವರು ಕೆರೆಗಳನ್ನು ಕಟ್ಟಿಸಿದ ಮಹಾಯೋಗಿಗಳಾದರು. ಈ ಕಥೆಯನ್ನು ಹೇಳಿ ತಾಯಂದಿರಿಗೆ ಸಮಾಧಾನ ಮಾಡುವುದನ್ನು ನಾವು ಅನೇಕ ಸಲ ಕಂಡಿದ್ದೇವೆ, ನಾವೂ ಮಾಡಿದ್ದೇವೆ. ಈಗ ಅದನ್ನು ಬಿಟ್ಟಿದ್ದೇವೆ. ನಿಮ್ಮ ಮಗನು ಮುಂದೊಂದು ದಿನ ಸಿದ್ಧರಾಮನಾಗುವನೆಂದು ಹೇಳಿದರೆ, ಆಗದಿದ್ದರೆ ಅವನ ಸೇವೆ ವ್ಯರ್ಥವೆಂದು ಹೇಳಿದಂತಾಗುವುದಿಲ್ಲವೆ? ಅವನು ಇಪ್ಪತ್ತಾರರಲ್ಲಿ ಹೇಗಿರುವನೋ ಅರುವತ್ತರಲ್ಲಿಯೂ ಹಾಗೆಯೇ ಇರಬಹುದು. ಅವನ ಹಲ್ಲುನೋವು ಯೋಗಿಯ ಹಲ್ಲುನೋವಿಗಿಂತ ಕಡಿಮೆಯಲ್ಲ.

ಇನ್ನು ವೈದ್ಯರ ಮಾತಿಗೆ ಬರೋಣ. ಇಂಥವರು ಹೀಗೆಯೇ ಎಂಬುದು ಆ ಒಬ್ಬ ವೈದ್ಯರ ತಪ್ಪು ಮಾತ್ರವಲ್ಲ. ಲೋಕದಲ್ಲೆಲ್ಲ ಇದು ನಡೆಯುತ್ತದೆ. ಮೂಲದಲ್ಲಿರುವ ಬುದ್ಧಿಮಾಂದ್ಯದ ನೆರಳು ಹೊಸದಾಗಿ ಬಂದ ರೋಗದ ಮೇಲೆ ಬಿದ್ದು ಅದನ್ನು ಮುಚ್ಚಿಬಿಡುತ್ತದೆಂದು ವೈದ್ಯಶಾಸ್ತ್ರಜ್ಞರೇ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ ೨೦೧೩ರಲ್ಲಿ ಒಂದು ವಿಚಾರಣೆಯ ವರದಿ ಪ್ರಕಟವಾಯಿತು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇಂಥ ೨೪೭ ಜನರ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿದ್ದರು. ಉಳಿದ ಜನರಿಗಿಂತ ಇವರಲ್ಲಿ ಗಂಡಸರು ೧೩ ವರ್ಷ, ಹೆಂಗಸರು ೨೦ ವರ್ಷ ಮುಂಚಿತವಾಗಿ ಸಾಯುತ್ತಿದ್ದರೆಂದು ತಿಳಿದುಬಂದಿತು. ರೋಗವನ್ನು ಗುರುತಿಸುವುದರಲ್ಲಿ, ಚಿಕಿತ್ಸೆ ಕೊಡುವುದರಲ್ಲಿ ಆದ ವಿಳಂಬವು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಎಲ್ಲರಿಗೂ ಉಚಿತ ಚಿಕಿತ್ಸೆಯುಳ್ಳ ದೇಶದ ಸ್ಥಿತಿ ಇದು. ಆ ದೇಶದಲ್ಲಿ ಈಗ ಹದಿನಾಲ್ಕು ವರ್ಷ ದಾಟಿದ ಇಂಥವರನ್ನು ವರ್ಷಕ್ಕೊಮ್ಮೆ, ರೋಗವಿರಲಿ ಇಲ್ಲದಿರಲಿ, ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುವ ಏರ್ಪಾಡಿದೆ. ನಮ್ಮ ಮನೆಗಳಲ್ಲಿ ಈ ಪದ್ಧತಿಯನ್ನು ನಾವೇ ಇಟ್ಟುಕೊಳ್ಳಲು ಅಡ್ಡಿಯೇನು?

ಏನನ್ನು ನೋಡಿಸಬೇಕೆಂದು ಕೇಳುವಿರಿ. ಹಲ್ಲು, ಕಿವಿ, ಕಣ್ಣು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೇಳಿಸದಿದ್ದರೆ ಅದನ್ನೂ ಮೊಂಡುತನವೆಂದು ಬಗೆಯುತ್ತೇವೆ. ಮಲಬದ್ಧತೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹೊಟ್ಟೆನೋವಿಗೂ ಸಿಡುಕಿಗೂ ಅನೇಕ ಸಲ ಅದೇ ಮೂಲ, ಅಲಕ್ಷಿಸಿದರೆ ಪ್ರಾಣಕ್ಕೂ ಬಂದೀತು. ಬುದ್ಧಿಮಾಂದ್ಯವುಳ್ಳವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಮೂರ್ಛೆರೋಗವಿರುತ್ತದೆ. ಅದರ ಮಾತ್ರೆಯನ್ನು, ಈಗ ಆರು ತಿಂಗಳಿಂದ ಬಂದಿಲ್ಲವಲ್ಲ ಎಂದು, ವೈದ್ಯರನ್ನು ಕೇಳದೆ ನಿಲ್ಲಿಸಿದ ಮನೆಗಳು ಒಂದೆರಡಲ್ಲ. ಡೌನ್ ಲಕ್ಷಣದೊಡನೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದಲ್ಲಿ ದೋಷವಿರುತ್ತದೆ. ಥೈರಾಯ್ಡ್ ಗ್ರಂಥಿಯು ಕುಗ್ಗುವುದೂ ಅವರಲ್ಲಿ ಹೆಚ್ಚು. ಹುಡುಗಿಯು ದಪ್ಪವಾದಳು, ಸೋಮಾರಿಯಾದಳು ಎಂದು ಗದರುವ ಮೊದಲು ಒಂದು ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು. ಚಿಕ್ಕ ಮಕ್ಕಳಿದ್ದರೆ ೨೦೧೩ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ ಹದಿನೆಂಟರವರೆಗೆ ಉಚಿತ ತಪಾಸಣೆಯುಂಟು. ಅಂಗನವಾಡಿಗೂ ಶಾಲೆಗೂ ವೈದ್ಯರ ತಂಡ ಬಂದ ದಿನ ಈ ಮಗುವನ್ನು ಮನೆಯಲ್ಲಿ ಬಚ್ಚಿಡುವ ತಂದೆತಾಯಿಗಳಿದ್ದಾರೆ. ನಾಲ್ವರ ಎದುರಿಗೆ ಅವಮಾನವಂತೆ! ಈ ಬಚ್ಚಿಡುವ ರೂಢಿಯು ಹೋಗದ ಹೊರತು ಯಾವ ಯೋಜನೆಯೂ ನಮ್ಮ ಹೊಸ್ತಿಲನ್ನು ದಾಟಲಾರದು.

ಕರೂರಿನ ಆ ತಂದೆಯ ವಿಷಯವನ್ನು ಇನ್ನಷ್ಟು ಹೇಳಬೇಕಾಗಿದೆ. ಅವನ ಸಂಬಳದಲ್ಲಿ ತಿಂಗಳು ತಿಂಗಳೂ ಇ.ಎಸ್.ಐ. ಹಣ ಮುರಿಯುತ್ತಿತ್ತು. ಆದರೂ ಹಲ್ಲು ಕೀಳಿಸಿದ್ದು ಸಾಲದ ದುಡ್ಡಿನಿಂದ. ಏಕೆ? ಮಗನು ವಯಸ್ಸಿಗೆ ಬಂದ ಮೇಲೆ ಚೀಟಿಯಲ್ಲಿ ಅವನ ಹೆಸರು ನಡೆಯುವುದಿಲ್ಲವೆಂದು ಜೊತೆಯ ಕೆಲಸಗಾರರು ಹೇಳಿದ್ದರು, ಅವನು ನಂಬಿದ್ದನು. ಉಳಿದ ಮಕ್ಕಳ ವಿಷಯದಲ್ಲಿ ವಯಸ್ಸಿನ ಮಿತಿಯಿರುವುದು ನಿಜ. ಆದರೆ ದೇಹದ ಅಥವಾ ಮನಸ್ಸಿನ ನ್ಯೂನತೆಯಿಂದ ಅಶಕ್ತವಾಗಿ, ವಿಮೆಯುಳ್ಳ ನೌಕರನ ದುಡಿಮೆಯನ್ನೇ ಪೂರ್ತಿಯಾಗಿ ನೆಚ್ಚಿರುವ ಮಗ ಅಥವಾ ಮಗಳು, ಆ ಅಶಕ್ತತೆಯು ಇರುವವರೆಗೂ ಕುಟುಂಬದವರೆಂದೇ ಲೆಕ್ಕವೆಂದು ೧೯೪೮ರ ಶಾಸನವು ಹೇಳಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ಪ್ರಮಾಣಪತ್ರದೊಡನೆ ಅರ್ಜಿ ಕೊಟ್ಟ ಮೇಲೆ ಆ ಮಗನ ಹೆಸರು ಚೀಟಿಗೆ ಸೇರಿತು. ಕರೂರಿನಲ್ಲಿಯೂ ಹರಿಹರದ ಕಾರ್ಖಾನೆಗಳಲ್ಲಿಯೂ ದುಡಿಯುವ ಭಕ್ತರು ಇದನ್ನು ತಮ್ಮ ತಮ್ಮಲ್ಲಿ ಹೇಳಿಕೊಳ್ಳಿರಿ. ತಪ್ಪು ಸುದ್ದಿ ಹಬ್ಬಿದಷ್ಟೇ ಬೇಗ ಸರಿಯಾದ ಸುದ್ದಿಯೂ ಹಬ್ಬಲಿ.

ಎಲ್ಲದಕ್ಕೂ ಮೊದಲು ಬೇಕಾದುದು ಆ ಪ್ರಮಾಣಪತ್ರ. ಜಿಲ್ಲಾ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ಕೊಡುವ ಅದರೊಡನೆ ಈಗ ದೇಶಕ್ಕೆಲ್ಲ ಒಂದೇ ಆದ ಗುರುತಿನ ಚೀಟಿಯೂ ಬರುತ್ತದೆ, ಜನರು ಯು.ಡಿ.ಐ.ಡಿ. ಕಾರ್ಡು ಎನ್ನುತ್ತಾರೆ. ಅರ್ಜಿ ತುಂಬಲು ಬಾರದವರು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ, ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನೂ ಕೇಳಬಹುದು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಗೆ ಸೇರಿದ ಸಂಯುಕ್ತ ಪ್ರಾದೇಶಿಕ ಕೇಂದ್ರವು ದಾವಣಗೆರೆಯಲ್ಲಿಯೇ ಇದೆ. ಬುದ್ಧಿಯ ಪರೀಕ್ಷೆಗೂ ಮಾತಿನ ತರಬೇತಿಗೂ ಬೆಂಗಳೂರು ಮೈಸೂರುಗಳಿಗೇ ಅಲೆಯಬೇಕೆಂಬ ಕಾಲ ಹೋಗಿದೆ. ರಾಷ್ಟ್ರೀಯ ನ್ಯಾಸದವರ ನಿರಾಮಯ ವಿಮೆಯಲ್ಲಿ ಬುದ್ಧಿಮಾಂದ್ಯ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ನ್ಯೂನತೆ ಇವುಳ್ಳವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಸಹಾಯವುಂಟು. ಸೇರುವಾಗ ವೈದ್ಯಪರೀಕ್ಷೆಯಿಲ್ಲ, ಆಸ್ಪತ್ರೆಯಲ್ಲಿ ಮಲಗದೆ ಹೊರಗಿನಿಂದ ತೋರಿಸಿಕೊಂಡ ಖರ್ಚಿಗೂ ಅದರಲ್ಲಿ ಅವಕಾಶವಿದೆ. ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಎಲ್ಲ ಬಡವರಿಗಿರುವಂತೆ ಇವರಿಗೂ ಇದೆ.

ಇನ್ನೊಂದು ಶಾಸನವನ್ನು ಹೇಳದೆ ಬಿಡಲಾರೆವು. ೨೦೧೬ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ೨೫ನೆಯ ಪ್ರಕರಣವು ಇಂಥವರಿಗೆ ನೋಡುವುದರಲ್ಲಿಯೂ ಚಿಕಿತ್ಸೆಯಲ್ಲಿಯೂ ಆದ್ಯತೆ ಕೊಡಬೇಕೆಂದು ಹೇಳುತ್ತದೆ. ಇದರ ಬೆಲೆಯು ತಿಳಿಯುವುದು ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಮಾತ್ರ. ಎರಡು ಗಂಟೆಗಳ ಕಾಲ ಗದ್ದಲದಲ್ಲಿ ಕುಳಿತಿರಲು ಆ ಮಗನಿಗೆ ಆಗುವುದಿಲ್ಲ. ಅವನು ಎದ್ದು ಓಡುತ್ತಾನೆ, ಕೂಗುತ್ತಾನೆ, ಸುತ್ತಲಿನವರು ದಿಟ್ಟಿಸುತ್ತಾರೆ, ತಾಯಿ ನಾಚಿಕೊಂಡು ವೈದ್ಯರನ್ನು ಕಾಣದೆಯೇ ಮನೆಗೆ ಮರಳುತ್ತಾಳೆ. ಮುಂದಿನ ಸಲ ಹೋಗುವುದೇ ಇಲ್ಲ. ಮೊದಲಿಗೆ ಒಳಗೆ ಬಿಡಿರಿ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಆದರೂ ಒಬ್ಬಂಟಿಯಾದ ತಾಯಿ ಹೇಗೆ ಕೇಳಿಯಾಳು? ಗಣಾಚಾರವೆಂದು ನಾವು ದೊಡ್ಡ ದೊಡ್ಡ ಸಭೆಗಳಲ್ಲಿ ಮಾತನಾಡುತ್ತೇವೆ. ಶಿವಭಕ್ತನಿಗೆ ಅವಮಾನವಾದಲ್ಲಿ ಸುಮ್ಮನಿರಲಾಗದೆಂಬುದು ಅದರ ಅರ್ಥವಾಗಿದ್ದರೆ, ಆ ಸಾಲಿನಲ್ಲಿ ಆ ತಾಯಿಯ ಪಕ್ಕದಲ್ಲಿ ನಿಂತು, ಇವರನ್ನು ಮೊದಲು ನೋಡಿರಿ ಎಂದು ಮೆಲುದನಿಯಿಂದ ಆದರೆ ಗಟ್ಟಿಯಾಗಿ ಹೇಳುವ ಒಬ್ಬ ಭಕ್ತನು ಬೇಕು. ಅನ್ನದ ದಾಸೋಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಅರ್ಧ ದಿನದ ಹೊತ್ತನ್ನು ದಾಸೋಹ ಮಾಡುವವರು ವಿರಳ. ಕಾರ್ಖಾನೆಯ ಯಜಮಾನರಾದ ಭಕ್ತರೂ ಈ ಪತ್ರಿಕೆಯನ್ನು ಓದುತ್ತೀರಿ. ಇಂಥ ಮಗನುಳ್ಳ ತಂದೆಗೆ ಆಸ್ಪತ್ರೆಯ ದಿನ ಪಾಳಿಯನ್ನು ಬದಲಿಸಿಕೊಟ್ಟರೆ ನಿಮಗೆ ಆಗುವ ನಷ್ಟವೆಷ್ಟು? ಅವನಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಹೆಂಡತಿಯೊಬ್ಬಳೇ ಬೆಳೆದ ಮಗನನ್ನು ಬಸ್ಸಿನಲ್ಲಿ ಹಿಡಿದುಕೊಂಡು ಹೋಗುವುದು ತಪ್ಪುತ್ತದೆ.

ಗೃಹಸ್ಥರು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಆ ಶಿಕ್ಷಕಿಯೇ ಕರೂರಿನ ತಾಯಿಗೆ ಕಲಿಸಿದಳು. ನೂರು ಪುಟದ ಒಂದು ನೋಟು ಪುಸ್ತಕ. ಮೊದಲ ಪುಟದಲ್ಲಿ ಮಗನ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳು, ಆಗದ ಔಷಧಿಗಳು. ಎರಡನೆಯ ಪುಟದಲ್ಲಿ ಅವನ ಭಾಷೆ: ಹಸಿವಾದರೆ ಏನು ಮಾಡುತ್ತಾನೆ, ಹೊಟ್ಟೆ ನೊಂದರೆ ಹೇಗೆ ಕುಳಿತುಕೊಳ್ಳುತ್ತಾನೆ, ಯಾವ ಸದ್ದಿಗೆ ಬೆದರುತ್ತಾನೆ, ಏನು ಕೈಗೆ ಕೊಟ್ಟರೆ ಸಮಾಧಾನವಾಗುತ್ತಾನೆ. ಬಳಿಕ ವಾರಕ್ಕೊಮ್ಮೆ ಎರಡು ಸಾಲು: ಊಟ, ನಿದ್ರೆ, ಮಲವಿಸರ್ಜನೆ, ತೂಕ. ವೈದ್ಯರು ಬದಲಾದರೂ ಪುಸ್ತಕ ಬದಲಾಗುವುದಿಲ್ಲ. ಹೊಸ ವೈದ್ಯರಿಗೆ ತಾಯಿ ಅಳುತ್ತ ವಿವರಿಸಬೇಕಾಗಿಲ್ಲ. ಪುಸ್ತಕವನ್ನು ಮೇಜಿನ ಮೇಲಿಡುತ್ತಾಳೆ. ಇಂಥವರು ಹೀಗೆಯೇ ಎಂದು ಯಾರಾದರೂ ಹೇಳಿದರೆ, ಹಿಂದಿನ ತಿಂಗಳು ಇವನು ಹೀಗಿರಲಿಲ್ಲವೆಂದು ತೋರಿಸಲು ಅದರಲ್ಲಿ ತಾರೀಖಿನೊಡನೆ ಸಾಕ್ಷಿಯಿದೆ. ತಾಯಿಗೆ ಬರೆಯಲು ಬಾರದು. ಏಳನೆಯ ತರಗತಿಯಲ್ಲಿರುವ ತಮ್ಮನ ಮಗಳು ಅತ್ತೆ ಹೇಳಿದಂತೆ ಬರೆಯುತ್ತಾಳೆ. ಚಿಕಿತ್ಸೆಗೆ ಮುಂಚೆ ಒಂದು ದಿನ ಸುಮ್ಮನೆ ಹೋಗಿ ಆ ಕುರ್ಚಿಯನ್ನೂ ದೀಪವನ್ನೂ ಅವನಿಗೆ ತೋರಿಸಿ ಬರುವುದೂ ಅವಳು ಕಲಿಸಿದ ಉಪಾಯವೇ. ಎರಡನೆಯ ಸಲ ಹಲ್ಲು ತೋರಿಸಲು ಹೋದಾಗ ನಾಲ್ಕು ಜನ ಹಿಡಿಯಬೇಕಾಗಲಿಲ್ಲ.

ನಮ್ಮ ನಂತರ ಇವನಿಗೆ ಯಾರು ಎಂಬುದು ಎಲ್ಲ ತಂದೆತಾಯಿಗಳ ಕಡೆಯ ಪ್ರಶ್ನೆ. ಅದಕ್ಕೆ ಪೂರ್ಣವಾದ ಉತ್ತರ ನಮ್ಮಲ್ಲಿಲ್ಲ. ಇಷ್ಟು ಮಾತ್ರ ತಿಳಿದಿರಲಿ: ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ತಂದೆತಾಯಿಗಳೂ ತಾವಾಗಿಯೇ ಪಾಲಕರಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಯ ಮುಂದೆ ಅರ್ಜಿ ಹಾಕಿ ಪಾಲಕರನ್ನು ಗೊತ್ತುಮಾಡಿಸಿಕೊಳ್ಳಬಹುದು. ಕೈಕಾಲು ಗಟ್ಟಿಯಿರುವಾಗಲೇ ಇದನ್ನು ಮಾಡತಕ್ಕದ್ದು. ಶಸ್ತ್ರಚಿಕಿತ್ಸೆಯ ಹೊಸ್ತಿಲಲ್ಲಿ ಸಹಿ ಯಾರದೆಂಬ ಚರ್ಚೆ ಏಳುವುದು ಬೇಡ.

ಹೋದ ಶ್ರಾವಣದಲ್ಲಿ ಕರೂರಿಗೆ ಹೋದಾಗ ಆ ಮನೆಯಲ್ಲಿ ನಮ್ಮ ಪಾದೋದಕದ ತಟ್ಟೆಯನ್ನು ಹಿಡಿದು ನಿಂತವನು ಆ ಮಗನೇ. ಕೈ ನಡುಗಿ ನೀರು ಸ್ವಲ್ಪ ಚೆಲ್ಲಿತು. ತಂದೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು ಬಂದನು. ನಾವು ಆ ದಿನದ ನಮ್ಮ ಮಾತಿಗಾಗಿ ಅವರೆದುರಿಗೆ ಕ್ಷಮೆ ಕೇಳಿದೆವು. ತಾಯಿಗೆ ಸಂಕೋಚವಾಯಿತು. “ಬಿಡ್ರೀ ಬುದ್ಧಿ, ನಮಗೇ ತಿಳೀಲಿಲ್ಲ” ಎಂದಳು. ಲಿಂಗಪೂಜೆಯ ಗೂಡಿನ ಪಕ್ಕದಲ್ಲಿ ನೋಟು ಪುಸ್ತಕವಿತ್ತು. ಎರಡನೆಯದು, ಮೊದಲಿನದು ತುಂಬಿತ್ತು. ತೆರೆದು ನೋಡಿದೆವು. ಹಿಂದಿನ ವಾರದ ಪುಟದಲ್ಲಿ ಮಗುವಿನ ದುಂಡನೆಯ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಬಲಗಿವಿಯನ್ನು ಎರಡು ಸಲ ಮುಟ್ಟಿಕೊಂಡಿದ್ದಾನೆ, ಸೋಮವಾರ ತೋರಿಸಬೇಕು.